ಊರಿನ ರಾಕ್ ಕಲಾವಿದರ ನೆನಪನ್ನು ಉಳಿಸಿಕೊಳ್ಳುವ ಬಗೆ

ಮಂಗಳೂರು, ಉಡುಪಿ, ಮಣಿಪಾಲದ ಕಡೆ ಗಿಟಾರ್ ಹಿಡಿದು ಸ್ವಂತ ಹಾಡು ಕಟ್ಟಿ, ಊರಿನ ಹುಡುಗರಿಗೆ ಬ್ಯಾಂಡ್ ಕಟ್ಟುವ ಧೈರ್ಯ ಕೊಟ್ಟ ಕಲಾವಿದರೊಬ್ಬರು ತೀರಿಕೊಂಡಾಗ ಶ್ರದ್ಧಾಂಜಲಿ ಸಭೆಯೊಂದು ನಡೆಯುತ್ತದೆ, ಭಾವಚಿತ್ರಕ್ಕೆ ಹಾರ ಬೀಳುತ್ತದೆ. ಅವರ ಹಾಡುಗಳಿರುವ ಕ್ಯಾಸೆಟ್‌ಗಳು ಮಾತ್ರ ಕಪಾಟಿನಲ್ಲೇ ಉಳಿದು ಕರಾವಳಿಯ ತೇವಕ್ಕೆ ಬೂಷ್ಟು ಹಿಡಿಯುತ್ತವೆ. ಸಭೆಗಿಂತ ಮೊದಲು ಧ್ವನಿಯನ್ನು ಉಳಿಸಿಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಮನೆಯವರನ್ನು ಕಾಣಬೇಕು; ಆದರೆ ಉತ್ತರಕ್ರಿಯೆ ಅಥವಾ ತಿಂಗಳ ಪೂಜೆ ಮುಗಿಯುವವರೆಗೆ ಕಾಯುವುದು ಮರ್ಯಾದೆ. ಕ್ಯಾಸೆಟ್, ಸಾಹಿತ್ಯ ಬರೆದ ಪುಸ್ತಕ, ಫೋಟೋ, ಕರಪತ್ರ ಯಾವುದನ್ನೂ ಎಸೆಯದಂತೆ ಕೇಳಿಕೊಂಡು, ಪಡೆದುಕೊಂಡ ಪ್ರತಿಯೊಂದು ವಸ್ತುವಿನ ಪಟ್ಟಿ ಮಾಡಿ ಸಹಿ ಹಾಕಿ ಕೊಡಬೇಕು. ಜೂನ್‌ನಲ್ಲಿ ಮಳೆ ಹಿಡಿಯುವ ಮೊದಲೇ ಈ ಕೆಲಸ ಮುಗಿದರೆ ಒಳ್ಳೆಯದು.

ಕ್ಯಾಸೆಟ್ ಕೈಗೆ ಬಂದ ಕೂಡಲೇ ಅದರ ಮೇಲಂಚಿನ ಎರಡು ಪ್ಲಾಸ್ಟಿಕ್ ಚೂರುಗಳನ್ನು ಮುರಿಯಿರಿ. ಆಗ ಅಕಸ್ಮಾತ್ ರೆಕಾರ್ಡ್ ಗುಂಡಿ ಒತ್ತಿದರೂ ಹಾಡು ಅಳಿಸಿಹೋಗುವುದಿಲ್ಲ. ರೀಲಿನ ಮೇಲೆ ಬಿಳಿ ಪುಡಿ ಕಂಡರೆ ಅದು ಬಹುತೇಕ ಬೂಷ್ಟು: ಅಂಥದ್ದನ್ನು ಕ್ಯಾಸೆಟ್ ನುಡಿಸುವ ಡೆಕ್ಕಿಗೆ ಹಾಕಬಾರದು, ಏಕೆಂದರೆ ರೀಲಿನಿಂದ ಸದ್ದನ್ನು ಓದುವ ಹೆಡ್ಡಿಗೆ ಅಂಟಿದ ಬೂಷ್ಟು ಮುಂದಿನ ಕ್ಯಾಸೆಟ್‌ಗೂ ಹರಡುತ್ತದೆ. ಅದನ್ನು ಬೇರೆಯಾಗಿಟ್ಟು, ಒಣಗಿಸಿ ಶುಚಿ ಮಾಡಬಲ್ಲ ಅನುಭವಿಗಳಿಗೆ ಕೊಡುವುದೇ ಸರಿ. ಉಳಿದವನ್ನು ನುಡಿಸುವ ಮೊದಲು ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಹೆಡ್ಡಿನ ಓರೆಯನ್ನು ಸರಿಪಡಿಸುವ ಪಕ್ಕದ ಸಣ್ಣ ಸ್ಕ್ರೂವನ್ನು ತುಸುತುಸುವೇ ತಿರುಗಿಸುತ್ತ ಸಿಂಬಲ್‌ನ ಸದ್ದು ಅತ್ಯಂತ ಸ್ಪಷ್ಟವಾಗಿ ಕೇಳುವಲ್ಲಿ ನಿಲ್ಲಿಸಬೇಕು. ಕಂಪ್ಯೂಟರಿನಲ್ಲಿ ಆಡಾಸಿಟಿಯಂಥ ಉಚಿತ ತಂತ್ರಾಂಶ ಸಾಕು. 24 ಬಿಟ್, 96 ಕಿಲೋಹರ್ಟ್ಸ್‌ನ ವೇವ್ (WAV) ಕಡತವಾಗಿ ಉಳಿಸಿದರೆ ಒಂದು ಗಂಟೆಯ ಸ್ಟೀರಿಯೋಗೆ ಸುಮಾರು 2 ಗಿಗಾಬೈಟ್ ಜಾಗ ಬೇಕಾಗುತ್ತದೆ. ಮೂಲ ಕಡತದಲ್ಲಿ ಗರಗರ ಸದ್ದನ್ನು ತೆಗೆಯಲು ಹೋಗಬೇಡಿ. ಅದಕ್ಕೆ ಬೇರೊಂದು ಪ್ರತಿ ಇರಲಿ.

ಕೆಲವು ಕ್ಯಾಸೆಟ್‌ಗಳು ನಿಧಾನವಾಗಿ ಓಡಿದಂತೆ, ಜೊತೆಗೆ ಯಾವುದೋ ವಾದ್ಯ ಹಿಂದುಮುಂದಾಗಿ ನುಡಿದಂತೆ ಕೇಳಿಸಬಹುದು. ಅದನ್ನು ಹಾಳಾದದ್ದೆಂದು ಬದಿಗೆ ಸರಿಸಬೇಡಿ. ವಾದ್ಯಗಳನ್ನೂ ದನಿಯನ್ನೂ ಬೇರೆಬೇರೆ ಸಾಲಿನಲ್ಲಿ (ಟ್ರ್ಯಾಕ್) ಹಿಡಿದಿಡುವ ನಾಲ್ಕು ಟ್ರ್ಯಾಕ್ ರೆಕಾರ್ಡರ್‌ನಲ್ಲಿ ಮನೆಯಲ್ಲೇ ಮುದ್ರಿಸಿದ ಕ್ಯಾಸೆಟ್ ಅದಾಗಿರುವ ಸಾಧ್ಯತೆ ಹೆಚ್ಚು. ಅಂಥ ಯಂತ್ರ ನಾಲ್ಕೂ ಟ್ರ್ಯಾಕ್‌ಗಳನ್ನು ಒಂದೇ ದಿಕ್ಕಿನಲ್ಲಿ, ಹಲವು ಬಾರಿ ದುಪ್ಪಟ್ಟು ವೇಗದಲ್ಲಿ ಬರೆಯುತ್ತದೆ; ಮಾಮೂಲಿ ಡೆಕ್ ಆ ವೇಗದಲ್ಲಿ ಓಡದು, ಕ್ಯಾಸೆಟ್ ಮಗುಚಿ ಹಾಕಿದರೆ ಉಳಿದ ಟ್ರ್ಯಾಕ್‌ಗಳು ಹಿಂದುಮುಂದಾಗಿ ಕೇಳುತ್ತವೆ. ಹಾಡು ಹುಟ್ಟಿದ ಕ್ರಮವೇ ಅದರೊಳಗೆ ಬಿಡಿಬಿಡಿಯಾಗಿ ಸಿಗುವುದರಿಂದ ನನ್ನ ದೃಷ್ಟಿಯಲ್ಲಿ ಇಡೀ ಸಂಗ್ರಹದಲ್ಲಿ ಅದಕ್ಕಿಂತ ಅಮೂಲ್ಯವಾದದ್ದಿಲ್ಲ.

ಬಳಿಕ ಜೊತೆಗೆ ನುಡಿಸಿದವರ ಮಾತನ್ನು ಮುದ್ರಿಸಿಕೊಳ್ಳಿ. ತುಳು, ಕೊಂಕಣಿ, ಬ್ಯಾರಿ, ಕನ್ನಡ, ಯಾವುದು ಅವರ ಬಾಯಿಗೆ ಸಹಜವೋ ಅದರಲ್ಲೇ ಮಾತಾಡಲಿ. ‘ಅವರು ಹೇಗಿದ್ದರು’ ಎಂದು ಕೇಳಿದರೆ ಹೊಗಳಿಕೆಯಷ್ಟೇ ಬರುತ್ತದೆ. ಯಾವ ಆಂಪ್ಲಿಫೈಯರ್, ಅಭ್ಯಾಸಕ್ಕೆ ಯಾರ ಮನೆ, ಡ್ರಮ್ಸ್ ತಂದದ್ದು ಚರ್ಚ್‌ನ ಕ್ವಾಯರ್‌ನಿಂದಲೋ ಬಾಡಿಗೆಗೋ ಎಂದು ಕೇಳಿದರೆ ಒಂದು ಕಾಲವೇ ಹೊರಬರುತ್ತದೆ. ತಾರೀಕುಗಳು ಗೊಂದಲವಾದರೆ ಕಾಲೇಜಿನ ವಾರ್ಷಿಕ ಸಂಚಿಕೆಗಳನ್ನೂ 1970ರಲ್ಲಿ ಮಣಿಪಾಲದಲ್ಲಿ ಆರಂಭವಾದ ಉದಯವಾಣಿಯ ಹಳೆಯ ಸಂಚಿಕೆಗಳನ್ನೂ ತಿರುವಿಹಾಕಬಹುದು.

ಹಾಡುಗಳನ್ನು ಹೊರಗೆ ಬಿಡುವ ಮೊದಲು ಹಕ್ಕಿನ ವಿಚಾರ ನೋಡಲೇಬೇಕು. ಸಾಹಿತ್ಯ ಮತ್ತು ಸಂಗೀತದ ಹಕ್ಕು ರಚನಕಾರರ ನಿಧನದ ನಂತರವೂ 60 ವರ್ಷ ಇರುತ್ತದೆ. ಹೀಗಾಗಿ ವಾರಸುದಾರರಿಂದಲೂ, ಜೊತೆಗೆ ರಚಿಸಿದ ಬ್ಯಾಂಡಿನವರಿಂದಲೂ ಲಿಖಿತ ಒಪ್ಪಿಗೆ ಪಡೆಯಿರಿ.

ಕೊನೆಗೆ ಸಂಗೀತ ಸಂಜೆ. ಮೇಘಾಲಯದ ಶಿಲ್ಲಾಂಗ್‌ನಲ್ಲಿ ರಾಕ್ ಗಾಯಕ ಲೂ ಮಜಾವ್ 1972ರಿಂದ ಪ್ರತಿ ಮೇ 24ರಂದು ಅಮೆರಿಕದ ಗಾಯಕ ಬಾಬ್ ಡಿಲನ್‌ರ ಹುಟ್ಟುಹಬ್ಬವನ್ನು ಹಾಡಿಯೇ ಆಚರಿಸುತ್ತ ಬಂದಿದ್ದಾರೆ; ಹಾಗೆಯೇ ತೀರಿಕೊಂಡ ದಿನಕ್ಕಿಂತ ಹುಟ್ಟಿದ ದಿನವನ್ನು ಆರಿಸಿಕೊಳ್ಳುವುದು ನನಗೆ ಇಷ್ಟ. ಆದರೆ ಜಾತ್ರೆ, ಕೋಲ, ಯಕ್ಷಗಾನಗಳ ದಿನಗಳಲ್ಲಿ ಒಳ್ಳೆಯ ಸೌಂಡ್ಸ್‌ನವರು ಸಿಗುವುದು ಕಷ್ಟ. ಜಾತ್ರೆ, ಕೋಲಗಳು ನಿಲ್ಲುವ ಮೇ ಕೊನೆಯ ಪತ್ತನಾಜೆಯ ನಂತರವಾದರೆ ಮಳೆಯ ಕಾರಣ ಸಭಾಂಗಣವೇ ಬೇಕು. ರಾತ್ರಿ 10ರ ನಂತರ ಹೊರಾಂಗಣದಲ್ಲಿ ಧ್ವನಿವರ್ಧಕಕ್ಕೆ ನಿಷೇಧವಿರುವುದರಿಂದ ಸಂಜೆ 5ಕ್ಕೇ ಆರಂಭಿಸಿ. ಭಾಷಣ, ಶಾಲು, ಹಾರಗಳಿಗೆ ಅರ್ಧ ಗಂಟೆ ಮೀರದಿರಲಿ. ಪ್ರತಿ ಹೊಸ ಬ್ಯಾಂಡೂ ತೀರಿಕೊಂಡ ಕಲಾವಿದರ ಒಂದು ಹಾಡು, ತಮ್ಮದೇ ಎರಡು ಹಾಡು ನುಡಿಸಲಿ. ಸ್ವಂತ ಹಾಡಿಗೆ ಧೈರ್ಯ ಕೊಟ್ಟವರ ವೇದಿಕೆಯಲ್ಲಿ ಬರೀ ಹಳೆಯದನ್ನೇ ನುಡಿಸುವುದು ಅವರಿಗೆ ಒಪ್ಪುವಂಥದ್ದಲ್ಲ. ಆ ಸಂಜೆಯ ಧ್ವನಿಯನ್ನೂ ಮಿಕ್ಸರ್‌ನಿಂದ ನೇರವಾಗಿ ಮುದ್ರಿಸಿ, ತಾರೀಕು ಮತ್ತು ನುಡಿಸಿದವರ ಹೆಸರು ಬರೆದು ಹಳೆಯ ಕಡತಗಳ ಜೊತೆಗೇ ಇಡಿ. ಒಂದು ಪ್ರತಿ ಮನೆಯವರಲ್ಲಿ, ಒಂದು ಬ್ಯಾಂಡಿನವರಲ್ಲಿ, ಇನ್ನೊಂದು ಬೇರೆ ಊರಿನಲ್ಲಿರಲಿ.