ಅಮ್ಮನ ತಟ್ಟೆಯ ಎಡಭಾಗ

ಸ್ಟ್ರೋಕ್ ಆಗಿ ಎಡಗೈ, ಎಡಗಾಲು ಸ್ವಾಧೀನ ತಪ್ಪಿದ್ದ ಅಮ್ಮ ಫಿಸಿಯೋಥೆರಪಿಯಿಂದ ಕೋಲು ಹಿಡಿದು ನಡೆಯುವಂತಾದಳು. ಆದರೆ ರವಿಕೆ ತೊಡಲು, ಸ್ನಾನ ಮಾಡಲು ಇನ್ನೊಬ್ಬರು ಬೇಕೇ ಬೇಕಿತ್ತು. ‘ಆಕ್ಯುಪೇಷನಲ್ ಥೆರಪಿಸ್ಟ್‌ಗೆ ತೋರಿಸಿ’ ಎಂದು ನರರೋಗದ ಡಾಕ್ಟರು ಬರೆದುಕೊಟ್ಟರು. ಉಣ್ಣುವುದು, ಬಟ್ಟೆ ತೊಡುವುದು, ಸ್ನಾನದಂಥ ದಿನನಿತ್ಯದ ಕೆಲಸಗಳನ್ನು ಮತ್ತೆ ತಾವೇ ಮಾಡಿಕೊಳ್ಳಲು ಕಲಿಸುವವರು ಇವರು.

ನಮ್ಮಂಥ ಸಣ್ಣ ಊರಲ್ಲಿ ಇವರು ಸುಲಭಕ್ಕೆ ಸಿಗುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಈ ಚಿಕಿತ್ಸೆ ಇದೆ. ‘ಎಲ್ಲಾ ಥೆರಪಿಯೂ ಮಾಡ್ತೀವಿ’ ಎಂದವರನ್ನೆಲ್ಲ ನಾನು ಮೊದಲು ಕೇಳುತ್ತಿದ್ದದ್ದು ಬಿಓಟಿ ಅಥವಾ ಎಂಓಟಿ, ಅಂದರೆ ಆಕ್ಯುಪೇಷನಲ್ ಥೆರಪಿಯ ಪದವಿ ಅಥವಾ ಸ್ನಾತಕೋತ್ತರ ಪದವಿ, ಓದಿದ್ದೀರಾ ಎಂದು. 1952ರಲ್ಲಿ ಶುರುವಾದ ಅಖಿಲ ಭಾರತ ಆಕ್ಯುಪೇಷನಲ್ ಥೆರಪಿಸ್ಟರ ಸಂಘದ ಸದಸ್ಯರೇ ಎಂದೂ ವಿಚಾರಿಸಬಹುದು. ಹೀಗೆ ಕೇಳಲು ಸಂಕೋಚಪಡಬೇಡಿ.

ಕೊನೆಗೆ ಸಿಕ್ಕ ಹೆಣ್ಣುಮಗಳು ಸ್ಕ್ಯಾನ್ ರಿಪೋರ್ಟ್ ನೋಡಿ ಪಕ್ಕಕ್ಕಿಟ್ಟು, ‘ಅಮ್ಮಾ, ಬೆಳಿಗ್ಗೆ ಎದ್ದಾಗಿನಿಂದ ಏನೇನು ಕೆಲಸ ಮಾಡ್ತಿದ್ರಿ? ಅದ್ರಲ್ಲಿ ಮೊದ್ಲು ಯಾವುದು ವಾಪಸ್ ಬರ್ಬೇಕು?’ ಎಂದು ಕೇಳಿದರು. ‘ನನ್ನ ಬಟ್ಟೆ ನಾನೇ ಹಾಕ್ಕೋಬೇಕು’ ಅಂದಳು ಅಮ್ಮ. ಇವರೇ ಸರಿ ಎಂದು ನನಗೆ ಆಗಲೇ ಅನ್ನಿಸಿತು.

ಅವರು ಅಮ್ಮ ಉಣ್ಣುವುದನ್ನೂ ಕೂತು ನೋಡಿದರು. ತಟ್ಟೆಯ ಎಡ ಅರ್ಧದಲ್ಲಿ ಪ್ರತಿಸಲವೂ ಅನ್ನ ಹಾಗೇ ಉಳಿಯುತ್ತಿತ್ತು. ಹಸಿವಿಲ್ಲ ಎಂದುಕೊಂಡಿದ್ದೆವು. ಮಿದುಳಿನ ಬಲಭಾಗಕ್ಕೆ ಪೆಟ್ಟಾದಾಗ ಕಣ್ಣು ಚೆನ್ನಾಗಿದ್ದರೂ ಕೆಲವರ ಗಮನಕ್ಕೆ ಎಡಗಡೆಯದು ಬರುವುದೇ ಇಲ್ಲವಂತೆ. ಬಾಗಿಲ ಎಡಚೌಕಟ್ಟಿಗೆ ಅಮ್ಮ ಭುಜ ತಾಗಿಸಿಕೊಳ್ಳುತ್ತಿದ್ದುದೂ ಇದಕ್ಕೇ. ತಟ್ಟೆಯ ಎಡ ಅಂಚಿಗೆ ಕೆಂಪು ಟೇಪು ಅಂಟಿಸಿ, ಅದು ಕಾಣುವವರೆಗೂ ತಲೆ ತಿರುಗಿಸಿ, ಆಮೇಲೆ ತುತ್ತು ಎತ್ತುವುದನ್ನು ರೂಢಿ ಮಾಡಿಸಿದರು. ಈಳಿಗೆಮಣೆ ಸದ್ಯಕ್ಕೆ ಮುಟ್ಟಲೇಬೇಡಿ ಎಂದರು. ಅವರ ಮಾತಿನಂತೆ ಅವರೆಕಾಯಿ ಬಿಡಿಸಲು ಕೂರಿಸಿದೆವು. ಎಡಗೈ ಕಾಯಿಯನ್ನು ಅದುಮಿ ಹಿಡಿದುಕೊಂಡರೆ ಸಾಕು, ಬಲಗೈ ಬಿಡಿಸುತ್ತದೆ. ಬೆರಳಿಗೆ ಬೇಕಾದ ಕಸರತ್ತೂ ಅದೇ, ಮನೆಗೆ ಬೇಕಾದ ಕೆಲಸವೂ ಅದೇ. ಸ್ಪಂಜಿನ ಚೆಂಡು ಹಿಸುಕಲು ಬೇಸರಪಡುತ್ತಿದ್ದ ಅಮ್ಮ ಮೊರದ ಮುಂದೆ ಎಷ್ಟು ಹೊತ್ತು ಬೇಕಾದರೂ ಕೂರುತ್ತಿದ್ದಳು.

ರವಿಕೆ ತೊಡುವಾಗ ಸೋತ ಕೈ ಮೊದಲು, ಬಿಚ್ಚುವಾಗ ಚೆನ್ನಾಗಿರುವ ಕೈ ಮೊದಲು. ಹುಕ್ಕಿನ ಜಾಗಕ್ಕೆ ವೆಲ್ಕ್ರೋ ಹಾಕಿಸಿದೆವು. ಬಚ್ಚಲಲ್ಲಿ ಕುರ್ಚಿ, ಗೋಡೆಗೆ ಬಲಗೈಗೆ ಸಿಗುವಂತೆ ಹಿಡಿಕಂಬಿ. ಇದಿಷ್ಟಕ್ಕೆ ದೊಡ್ಡ ಖರ್ಚೇನೂ ಆಗಲಿಲ್ಲ. ಕಷ್ಟವಾದದ್ದು ನಾವು ಕೈಕಟ್ಟಿ ನಿಲ್ಲುವುದು. ಅಮ್ಮ ರವಿಕೆಯ ತೋಳು ಹುಡುಕುತ್ತಿದ್ದರೆ ನಮ್ಮ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ‘ನೀವು ಮಾಡಿಕೊಟ್ಟರೆ ಅವರ ಕೈಗೆ ಕೆಲಸ ಎಲ್ಲಿ ಉಳೀತು?’ ಎಂದು ಆಕೆ ತಡೆಯುತ್ತಿದ್ದರು.

ನೀವು ಥೆರಪಿಸ್ಟ್ ಹತ್ತಿರ ಮೊದಲ ಸಲ ಹೋಗುವಾಗ ರಿಪೋರ್ಟುಗಳ ಜೊತೆ ಕಾಯಿಲೆಯವರು ಉಣ್ಣುವ, ಬಟ್ಟೆ ತೊಡುವ, ಮಂಚದಿಂದ ಏಳುವ ವೀಡಿಯೋ ಮೊಬೈಲಿನಲ್ಲಿರಲಿ. ಬಚ್ಚಲಿನ ಫೋಟೋ, ಬಾಗಿಲಿನ ಅಗಲ, ಹೊಸ್ತಿಲ ಎತ್ತರದ ಅಳತೆಯೂ ಬೇಕಾಗುತ್ತದೆ.