12 ಹಳೇ ಮಷೀನ್, ಎರಡು ಓಎಸ್, ಒಂದು ಸೆಲ್

ಸಕಲೇಶಪುರದ ಒಂದು ಕಂಪ್ಯೂಟರ್ ಸೆಂಟರ್‌ನ 12 ಮಷೀನ್‌ಗೆ ಡ್ಯುಯಲ್ ಬೂಟ್ ಮಾಡಿಕೊಟ್ಟಿದ್ದೆ, ಅಂದರೆ ಒಂದೇ ಮಷೀನ್‌ನಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಓಎಸ್ (ಆಪರೇಟಿಂಗ್ ಸಿಸ್ಟಮ್). ಆರು ತಿಂಗಳಾಯಿತು, ಅಲ್ಲಿಂದ ಬೂಟ್ ಆಗ್ತಿಲ್ಲ ಅಂತ ಒಂದು ಫೋನ್ ಬಂದಿಲ್ಲ. ಬರೆಯಲು ಕೂತಿದ್ದೇ ಅದಕ್ಕೆ. ಹಾಸನದಲ್ಲಿ ನಮ್ಮ ಅಂಗಡಿ ಸಾಲಿನಲ್ಲೇ ಸರ್ವೀಸ್ ಮಾಡುವ ಗೆಳೆಯ ಶುರುವಿನಲ್ಲೇ ನಕ್ಕಿದ್ದ. "ಮಕ್ಕಳು ಕೂರೋ ಮಷೀನ್‌ಗೆ ಡ್ಯುಯಲ್ ಬೂಟಾ? ವಾರಕ್ಕೊಂದ್ ಸಲ ಸಕಲೇಶಪುರಕ್ಕೆ ಗಾಡಿ ಓಡಿಸ್ತೀಯ ನೋಡು."

ಎಲ್ಲವೂ ನಾಲ್ಕನೇ ಜನರೇಷನ್ ಐ3, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10 ಸಪೋರ್ಟ್ ನಿಂತಿತು. 11 ಇವಕ್ಕೆ ನೆಟ್ಟಗೆ ಹತ್ತುವುದಿಲ್ಲ. ಸೆಂಟರ್‌ನವರು ವಿಂಡೋಸ್‌ನಲ್ಲಿ ಓಡುವ ಟ್ಯಾಲಿ, ನುಡಿ ಬಿಡುವ ಹಾಗಿಲ್ಲ, ಹೊಸ ಮಷೀನ್‌ಗೆ ದುಡ್ಡೂ ಇಲ್ಲ. ಇಂಟರ್‌ನೆಟ್ ಕೆಲಸಕ್ಕೆ ಮಿಂಟ್ (ಪುಕ್ಕಟೆ ಸಿಗುವ ಲಿನಕ್ಸ್), ಟ್ಯಾಲಿಗೆ ನೆಟ್ ಇಲ್ಲದ ವಿಂಡೋಸ್ ಅಂತ ಒಪ್ಪಿಸಿದೆ. ಹಾಸನಾಂಬ ಬಾಗಿಲು ತೆರೆದಿದ್ದ ದಿನಗಳವು. ಊರು ತುಂಬಾ ಜನ, ಅಂಗಡಿಯಲ್ಲಿ ಗಿರಾಕಿ ಮಾತ್ರ ಇಲ್ಲ. ನನಗೂ ಬಿಡುವಿತ್ತು.

ಮೊದಲ ಮಷೀನ್‌ನಲ್ಲೇ ಎಡವಿದೆ. ವಿಂಡೋಸ್ ಹಾರ್ಡ್ ಡಿಸ್ಕ್‌ನಲ್ಲೇ ಬಿಟ್ಟು, ಮಿಂಟ್‌ಗೆ ಅಂತ 120 ಜಿಬಿ ಎಸ್‌ಎಸ್‌ಡಿ (ವೇಗದ ಡಿಸ್ಕ್) ಹಾಕಿ, ಓಎಸ್ ಎಬ್ಬಿಸುವ ಬೂಟ್‌ಲೋಡರ್ ಅದಕ್ಕೇ ಹೋಗಲಿ ಅಂತ ಆರಿಸಿದ್ದೆ. ಆಮೇಲೆ ಹಾರ್ಡ್ ಡಿಸ್ಕ್ ಬಿಚ್ಚಿ ನೋಡಿದರೆ ಕಪ್ಪು ಸ್ಕ್ರೀನ್. ಇನ್‌ಸ್ಟಾಲರ್ ನನ್ನ ಮಾತು ಕೇಳದೆ, ತನಗೆ ಮೊದಲು ಸಿಕ್ಕ ಇಎಫ್‌ಐ ಪಾರ್ಟಿಷನ್‌ಗೆ (ಬೂಟ್ ಫೈಲ್ ಇರುವ, ಡಿಸ್ಕ್‌ನ ಸಣ್ಣ ಭಾಗ), ಅಂದರೆ ವಿಂಡೋಸ್‌ನದಕ್ಕೇ, ಗ್ರಬ್ ಅನ್ನೋ ಮಿಂಟ್‌ನ ಬೂಟ್‌ಲೋಡರ್ ತುರುಕಿತ್ತು. ಅಲ್ಲಿಂದಾಚೆ ಮಿಂಟ್ ಹಾಕುವಾಗ ಹಾರ್ಡ್ ಡಿಸ್ಕ್‌ನ ಸಾಟಾ ಕೇಬಲ್ ಕಿತ್ತಿಡುತ್ತೇನೆ. ಎರಡಕ್ಕೂ ಬೇರೆ ಬೇರೆ ಇಎಫ್‌ಐ, ಒಂದು ಕೆಟ್ಟರೆ ಇನ್ನೊಂದು ಏಳುತ್ತದೆ. ಕೇಬಲ್ ವಾಪಸ್ ಚುಚ್ಚಿ, ಬೇರೆ ಓಎಸ್ ಹುಡುಕುವ ಓಎಸ್-ಪ್ರೋಬರ್ ಆನ್ ಮಾಡಿ, ಅಪ್‌ಡೇಟ್-ಗ್ರಬ್ ಕಮಾಂಡ್ ಕೊಟ್ಟರೆ ಮೆನುವಿನಲ್ಲಿ ವಿಂಡೋಸ್ ಬರುತ್ತದೆ.

ಬರಬೇಕು. ಆದರೆ ಏಳು ಮಷೀನ್‌ನಲ್ಲಿ ವಿಂಡೋಸ್ ಎಂಬಿಆರ್ (ಡಿಸ್ಕ್ ಹಂಚುವ ಹಳೇ ಪದ್ಧತಿ) ಮೇಲೆ, ಲೆಗಸಿ, ಅಂದರೆ ಹಳೇ ಬೂಟ್ ಮೋಡ್‌ನಲ್ಲಿತ್ತು. ಹೊಸ ಮೋಡ್ ಆದ ಯುಇಎಫ್‌ಐನಲ್ಲಿ ಎದ್ದ ಗ್ರಬ್ ಅದನ್ನು ಎಬ್ಬಿಸಲಾರದು. ಎಂಬಿಆರ್ ಡಿಸ್ಕನ್ನು ಹೊಸ ಜಿಪಿಟಿ ಪದ್ಧತಿಗೆ ಬದಲಿಸುವ ಎಂಬಿಆರ್2ಜಿಪಿಟಿ ಓಡಿಸಿದೆ. ಮೂರರಲ್ಲಿ ಆಯಿತು, ನಾಲ್ಕರಲ್ಲಿ ವ್ಯಾಲಿಡೇಷನ್‌ನಲ್ಲೇ ಫೇಲ್. ಹಿಂದೆ ಯಾರೋ ಎಕ್ಸ್‌ಟೆಂಡೆಡ್ ಪಾರ್ಟಿಷನ್ (ಒಳಗೆ ಇನ್ನಷ್ಟು ಭಾಗ ಮಾಡಬಹುದಾದದ್ದು) ಮಾಡಿ ಡಿ, ಇ, ಎಫ್ ಅಂತ ಹಂಚಿದ್ದರು. ಅದಿದ್ದರೆ ಈ ಟೂಲ್ ಮುಟ್ಟುವುದಿಲ್ಲ. ಪ್ರೈಮರಿ, ಅಂದರೆ ಮುಖ್ಯ ಪಾರ್ಟಿಷನ್, ಮೂರಕ್ಕಿಂತ ಜಾಸ್ತಿ ಇದ್ದರೂ ಇಲ್ಲ. ಡೇಟಾ ಕಾಪಿ ಮಾಡಿ, ಅವನ್ನು ಅಳಿಸಿ ಹಾದಿಗೆ ತರುವಷ್ಟರಲ್ಲಿ ಒಂದಿಡೀ ದಿನ ಹೋಯಿತು.

ನಡುವೆ ಒಂದು ಹುಚ್ಚು. ಎಸ್‌ಎಸ್‌ಡಿ ದುಡ್ಡು ಉಳಿಸೋಣ ಅಂತ ನೆಟ್‌ವರ್ಕ್ ಬೂಟ್ (ಡಿಸ್ಕ್ ಬದಲು ನೆಟ್‌ವರ್ಕ್ ಕೇಬಲ್ ಮೂಲಕ ಓಎಸ್ ಎಬ್ಬಿಸುವುದು) ನೋಡಿದೆ. ಅದಕ್ಕೆ ಬೇಕಾದ ಡಿಎನ್‌ಎಸ್‌ಮಾಸ್ಕ್ ಪ್ರೋಗ್ರಾಂ ಹಾಕಿ ಒಂದು ಮಷೀನ್ ಎಬ್ಬಿಸಿದಾಗ ಖುಷಿಯೋ ಖುಷಿ. ಸೆಂಟರ್‌ನಲ್ಲಿದ್ದದ್ದು 100 ಎಂಬಿಪಿಎಸ್ ಸ್ವಿಚ್. ಸುಮಾರು 3 ಜಿಬಿ ಇಮೇಜ್ (ಪೂರ್ತಿ ಓಎಸ್ ಇರುವ ಫೈಲ್) ಒಂದು ಮಷೀನ್‌ಗೇ ನಾಲ್ಕೈದು ನಿಮಿಷ ತಿಂದಿತು. 12ನ್ನೂ ಒಟ್ಟಿಗೆ ಆನ್ ಮಾಡಿದರೆ ಕ್ಲಾಸ್ ಮುಗಿಯುವ ಹೊತ್ತಿಗೆ ಡೆಸ್ಕ್‌ಟಾಪ್ ಬರುತ್ತದೆ. ಗಿಗಾಬಿಟ್ ಸ್ವಿಚ್, ಹೊಸ ಕೇಬಲ್ ಲೆಕ್ಕ ಹಾಕಿ ಕೈಬಿಟ್ಟೆ.

ಎಲ್ಲ ಮುಗಿಸಿ ಬಂದು ಹದಿನೈದು ದಿನಕ್ಕೆ ಫೋನ್. "ಸರ್, ಬೆಳಿಗ್ಗೆ ನಾಲ್ಕು ಮಷೀನ್ ಏಳ್ಲಿಲ್ಲ, ಬೂಟ್ ಡಿವೈಸ್ ಇಲ್ಲ ಅಂತಿದೆ." ಗೆಳೆಯನ ನಗು ನೆನಪಾಗಿ ಮೈ ಉರಿಯಿತು. ಹೋಗಿ ನೋಡಿದರೆ ಬಯಾಸ್ (ಮದರ್‌ಬೋರ್ಡ್‌ನ ಮೂಲ ಸೆಟಿಂಗ್) ಲೆಗಸಿಗೆ ಹೋಗಿ ಕೂತಿತ್ತು. ಸರಿಮಾಡಿ ಬಂದೆ. ಎರಡೇ ದಿನಕ್ಕೆ ಮತ್ತೆ ಅದೇ ರಾಗ. ಗ್ರಬ್ ಮೇಲೆ ಅನುಮಾನ ಬಂದು ಒಂದಕ್ಕೆ ಮಿಂಟನ್ನೇ ಸುಮ್ನೆ ಇನ್ನೊಮ್ಮೆ ಹಾಕಿದೆ. ಮೂರನೇ ಸಲ ಹೋದಾಗ ಬಯಾಸ್ ಮೂಲೆಯ ತಾರೀಖು ಕಣ್ಣಿಗೆ ಬಿತ್ತು: 2013! ಇಷ್ಟು ವರ್ಷ ಸ್ಕ್ರೂಡ್ರೈವರ್ ಹಿಡಿದವನಿಗೆ ಮೊದಲ ದಿನವೇ ಹೊಳೆಯಬೇಕಿತ್ತು, ಅಲ್ವಾ? ಸೆಂಟರ್‌ನವರು ಸಿಡಿಲಿಗೆ ಹೆದರಿ ರಾತ್ರಿ ಮೈನ್ ಸ್ವಿಚ್ಚೇ ಆಫ್ ಮಾಡುತ್ತಿದ್ದರು. ಆ ಕಡೆ ಅದು ತಪ್ಪೂ ಅಲ್ಲ. ಕರೆಂಟ್ ಇಲ್ಲದಾಗ ಸೆಟಿಂಗ್, ತಾರೀಖು ಕಾಯಬೇಕಾದ ಮದರ್‌ಬೋರ್ಡ್‌ನ ಸಿಆರ್2032 ಸೆಲ್ ಸತ್ತಿತ್ತು, ಅಷ್ಟೇ. 12ಕ್ಕೂ ಹೊಸದು ಹಾಕಿದೆ, ಐನೂರರ ಒಳಗೆ ಮುಗಿಯಿತು. ಮೂರು ಸಲ ಓಡಾಡಿದ ಪೆಟ್ರೋಲೇ ಅದಕ್ಕಿಂತ ಜಾಸ್ತಿ.

ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ (ಪೂರ್ತಿ ಶಟ್‌ಡೌನ್ ಆಗದೆ ಬೇಗ ಏಳುವ ಸೌಲಭ್ಯ) ಆಫ್ ಮಾಡಬೇಕು ಅಂತ ನಿಮಗೆ ಹೇಳಬೇಕಿಲ್ಲ. ಬೂಟ್ ಎಂಟ್ರಿ (ಯಾವುದರಿಂದ ಏಳಬೇಕು ಅನ್ನೋ ನಮೂದು) ಅಳಿಸಿಹೋದರೂ ಮಷೀನ್ ತಾನಾಗೇ ಏಳುವ ಹಾಗೆ ಇನ್ನೊಂದು ಕೈಚಳಕ ಮಾಡಿದ್ದೇನೆ. ಅದನ್ನು ಪೂರ್ತಿ ಬರೆಯಲ್ಲ, ಹೊಟ್ಟೆಪಾಡು ನೋಡಿ. ಎಂಟ್ರಿ ಇಲ್ಲದಾಗ ಮಷೀನ್ ಹುಡುಕುವ ಬೂಟ್‌ಎಕ್ಸ್64 ಫೈಲ್ ಎಲ್ಲಿರಬೇಕು ಅಂತ ಗೊತ್ತಿದ್ದವರಿಗೆ ಅರ್ಧ ಅರ್ಥವಾಗಿರುತ್ತದೆ.

ಎಸ್‌ಎಸ್‌ಡಿಗಳಿಗೆ ಹದಿನೈದು ಸಾವಿರದ ಮೇಲೆ ಸ್ವಲ್ಪ, ನನ್ನ ಕೂಲಿ ಮಷೀನ್‌ಗೆ 500. ಅದರಲ್ಲಿ ಎರಡು ಸಾವಿರ ಇನ್ನೂ ಬಾಕಿ. ಮಷೀನ್ ಒಂದೂ ಕೆಡುತ್ತಿಲ್ಲವಾದ್ದರಿಂದ ಹೋಗಿ ಕೇಳೋಣ ಅಂದರೆ ನೆಪವೇ ಸಿಗುತ್ತಿಲ್ಲ.