ಹಿಂದಿನ ಟೈರ್ ಹೊಸದಾದ ಮೇಲೆ ಬೈಕ್ ಯಾಕೆ ಬೇರೆಯದೇ ಅನ್ನಿಸಿತು

ಹಳೆಯ ಹಿಂದಿನ ಟೈರ್ ಬಿಚ್ಚಿದ ದಿನ ಅದರ ಮೇಲೆ ಅಡ್ಡಲಾಗಿ ಒಂದು ಸ್ಟೀಲ್ ಸ್ಕೇಲ್ ಇಟ್ಟು ನೋಡಿದೆ. ಮಧ್ಯದಲ್ಲಿ ಸುಮಾರು 40 ಮಿಮೀ ಅಗಲಕ್ಕೆ ಸ್ಕೇಲಿಗೂ ರಬ್ಬರಿಗೂ ನಡುವೆ ಸಂದೇ ಇರಲಿಲ್ಲ. ಹಲಗೆ ಥರ ಚಪ್ಪಟೆ. ಹೊಸ ಟೈರ್ ಮೇಲೆ ಅದೇ ಸ್ಕೇಲ್ ಇಟ್ಟರೆ ಒಂದು ಬೆರಳಗಲ ಮಾತ್ರ ತಾಗಿತು, ಎರಡೂ ತುದಿ ಗಾಳಿಯಲ್ಲಿ ನಿಂತವು. ಆಮೇಲೆ ಬೈಕಿನಲ್ಲಿ ಕಂಡ ಬದಲಾವಣೆಯಲ್ಲಿ ಮುಕ್ಕಾಲು ಪಾಲಿಗೆ ಕಾರಣ ಈ ಆಕಾರವೇ. ಗ್ರಿಪ್ ಆಮೇಲಿನ ಮಾತು.

ನೇರ ರಸ್ತೆಯಲ್ಲೇ ಜಾಸ್ತಿ ಓಡಿಸಿದರೆ ಟೈರಿನ ನಡುಭಾಗ ಮಾತ್ರ ಸವೆಯುತ್ತದೆ. ಆಗ ಎರಡೂ ಪಕ್ಕದಲ್ಲಿ ಒಂದೊಂದು ಅಂಚು ಏಳುತ್ತದೆ. ಬೈಕ್ ವಾಲಿಸುವಾಗ ಟೈರ್ ಆ ಅಂಚನ್ನು ಹತ್ತಿ ಇಳಿಯಬೇಕು. ಹತ್ತುವಾಗ ಬೈಕ್ ಹಟ ಹಿಡಿಯುತ್ತದೆ, ದಾಟಿದ ತಕ್ಷಣ ಧಡಕ್ಕನೆ ಬೀಳುತ್ತದೆ. ನಾನು ತಿಂಗಳುಗಟ್ಟಲೆ ತಿರುವಿನಲ್ಲಿ ಹ್ಯಾಂಡಲ್ ಜೋರಾಗಿ ಒತ್ತಿ ಓಡಿಸುತ್ತಿದ್ದೆ. ಹ್ಯಾಂಡಲ್ ಬೇರಿಂಗ್ ಹೋಗಿದೆ ಅಂದುಕೊಂಡು ಅದನ್ನು ಬದಲಿಸಲು ಹೊರಟಿದ್ದೆ. ಟೈರ್ ದಿನಾ ಸ್ವಲ್ಪ ಸ್ವಲ್ಪ ಸವೆಯುತ್ತದೆ, ನಮ್ಮ ಕೈಯೂ ಅದಕ್ಕೆ ಸ್ವಲ್ಪ ಸ್ವಲ್ಪವೇ ಹೊಂದಿಕೊಳ್ಳುತ್ತದೆ. ಹಾಗಾಗಿ ಗೊತ್ತೇ ಆಗುವುದಿಲ್ಲ.

ಹೊಸ ಟೈರ್ ಹಾಕಿಸಿ ಹೊರಟ ಮೇಲೆ ಮೊದಲ ಎಡ ತಿರುವಿನಲ್ಲೇ ಅದು ಅರಿವಾಯಿತು. ಹಳೇ ಅಭ್ಯಾಸದಂತೆ ಎಡಗೈಯಿಂದ ಹ್ಯಾಂಡಲ್ ಮುಂದಕ್ಕೆ ಒತ್ತಿದೆ (ಓಡುವ ಬೈಕಿನಲ್ಲಿ ಹಾಗೆ ಒತ್ತಿದರೆ ಬೈಕ್ ಎಡಕ್ಕೇ ವಾಲುತ್ತದೆ). ಬೈಕ್ ನಾನು ಎಣಿಸಿದ್ದಕ್ಕಿಂತ ಬೇಗ ವಾಲಿತು, ರಸ್ತೆಯ ಒಳ ಅಂಚಿನ ಹತ್ತಿರಕ್ಕೇ ಹೋಯಿತು. ನಿಧಾನವಾಗಿ ಹೋಗುತ್ತಿದ್ದೆ, ಹಾಗಾಗಿ ಏನೂ ಆಗಲಿಲ್ಲ. ಮುಂದಿನ ತಿರುವಿನಲ್ಲಿ ಅರ್ಧದಷ್ಟೇ ಒತ್ತಿದೆ, ಸಾಕಾಯಿತು. ಹಿಂದಿನ ಚಕ್ರಕ್ಕೆ 5 ಮಿಮೀ ರಬ್ಬರ್ ಸೇರಿ ಬೈಕಿನ ಹಿಂಭಾಗ ಅಷ್ಟು ಎದ್ದಿರುತ್ತದೆ, ಮುಂದಿನ ಫೋರ್ಕ್, ಅಂದರೆ ಮುಂದಿನ ಚಕ್ರ ಹಿಡಿದಿರುವ ಓರೆ ಕಂಬಿಗಳು, ಕೂದಲೆಳೆಯಷ್ಟು ನೆಟ್ಟಗಾಗುತ್ತದೆ. ಬೇಗ ತಿರುಗುವುದರಲ್ಲಿ ಅದಕ್ಕೂ ಒಂದು ಸಣ್ಣ ಪಾಲಿದೆ.

ಆದರೆ ಆ ಮೊದಲ ದಿನ ಇನ್ನೊಂದು ವಿಷಯ ನನ್ನನ್ನು ಕಾಡಿತು. ಸಣ್ಣ ಉಬ್ಬು ಸಿಕ್ಕಿದರೂ ಹಿಂಭಾಗ ಚೆಂಡಿನ ಹಾಗೆ ಪುಟಿಯುತ್ತಿತ್ತು. ಮನೆಗೆ ಬಂದು ಗೇಜ್ ಹಾಕಿ ಗಾಳಿಯ ಒತ್ತಡ ನೋಡಿದರೆ 42 ಪಿಎಸ್‌ಐ! ನನ್ನ ಬೈಕಿಗೆ ಬೇಕಾದ್ದು 32. ಟೈರಿನ ಅಂಚು ರಿಮ್ಮಿಗೆ ಕೂರಲಿ ಅಂತ ಅಂಗಡಿಯಲ್ಲಿ ಜಾಸ್ತಿ ಗಾಳಿ ತುಂಬುತ್ತಾರೆ, ಅದು ಸರಿಯೇ. ಆಮೇಲೆ ಇಳಿಸಲು ಮರೆತಿದ್ದರು. ಟೈರ್ ತಣ್ಣಗಿರುವಾಗ 32ಕ್ಕೆ ಇಳಿಸಿದೆ, ಪುಟಿಯುವುದು ನಿಂತಿತು. ಹೊಸ ಟೈರ್ ಚೆನ್ನಾಗಿಲ್ಲ ಅಂತ ತೀರ್ಮಾನಿಸುವ ಮೊದಲು ದಯವಿಟ್ಟು ಗಾಳಿ ನೋಡಿ. ಚೈನನ್ನೂ ನೋಡಿ. ಹಿಂದಿನ ಚಕ್ರ ಬಿಚ್ಚಿ ಹಾಕಿದಾಗ ಚೈನ್ ಬಿಗಿಯಾಗುವುದು, ಚಕ್ರ ಸ್ವಲ್ಪ ಸೊಟ್ಟ ಕೂರುವುದು ಎರಡೂ ಆಗುತ್ತವೆ. ಸೆಂಟರ್ ಸ್ಟ್ಯಾಂಡ್ ಹಾಕಿ ಚಕ್ರವನ್ನು ಕೈಯಿಂದ ತಿರುಗಿಸಿ. ಸರಾಗವಾಗಿ ತಿರುಗಬೇಕು, ಬ್ರೇಕ್ ಉಜ್ಜಬಾರದು.

ಇನ್ನು ಪಿಕಪ್. ಹೊಸ ಟೈರ್ ಹಾಕಿದ ಮೇಲೆ ಬೈಕ್ ಎಳೆಯುವುದು ಕಮ್ಮಿಯಾಯಿತು ಅಂತ ತುಂಬಾ ಜನ ಹೇಳುತ್ತಾರೆ. ನನಗೂ ಹಾಗೇ ಅನ್ನಿಸಿತು. ಸುಮ್ನೆ ಅನ್ನಿಸಿಕೆಯಾ ನಿಜವಾ ಅಂತ ಅಳೆದು ನೋಡುವುದೇ ವಾಸಿ, ಅಲ್ವಾ?

ಟೈರ್ ಬದಲಿಸುವ ಹಿಂದಿನ ಸಂಜೆಯೇ ಒಂದು ಅಳತೆ ತೆಗೆದಿದ್ದೆ. ಟೈರ್ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ, ಅದರ ನೇರಕ್ಕೆ ನೆಲದ ಮೇಲೆ ಇನ್ನೊಂದು. ಬೈಕ್ ಮೇಲೆ ಕೂತು, ಚಕ್ರ ಸರಿಯಾಗಿ ಒಂದು ಸುತ್ತು ಬರುವವರೆಗೆ ಕಾಲಿನಿಂದ ತಳ್ಳಿ, ಮತ್ತೆ ಗೆರೆ ಎಳೆದೆ. ಹಳೇ ಟೈರ್ ಒಂದು ಸುತ್ತಿಗೆ 1,935 ಮಿಮೀ ಹೋಗಿತ್ತು. ಹೊಸದು, ಅದೇ 140/70-17 ಸೈಜ್, ಗಾಳಿಯೂ ಅದೇ 32, 1,966 ಮಿಮೀ ಹೋಯಿತು. ವ್ಯತ್ಯಾಸ 31 ಮಿಮೀ, ಅಂದರೆ ಶೇ 1.6. ಎಲ್ಲ ಗೇರುಗಳೂ ಅಷ್ಟು ಉದ್ದವಾದ ಹಾಗೆ: ಎಂಜಿನ್ನಿನ ಒಂದು ಸುತ್ತಿಗೆ ಬೈಕ್ ಅಷ್ಟು ಹೆಚ್ಚು ದೂರ ಹೋಗುತ್ತದೆ, ಎಳೆಯುವ ಬಲ ಅಷ್ಟು ಕಮ್ಮಿಯಾಗುತ್ತದೆ. ಹಿಂದಿನ ಸ್ಪ್ರಾಕೆಟ್‌ನಲ್ಲಿ (ಚೈನ್ ಕೂರುವ ಹಲ್ಲಿನ ಚಕ್ರದಲ್ಲಿ) ಒಂದು ಹಲ್ಲು ಕಮ್ಮಿ ಮಾಡಿದರೆ ಶೇ 2ಕ್ಕಿಂತ ಸ್ವಲ್ಪ ಜಾಸ್ತಿ ವ್ಯತ್ಯಾಸ ಬರುತ್ತದೆ. ಇದು ಅಷ್ಟೂ ಇಲ್ಲ. ನನ್ನ ಬೈಕಿನ ಸ್ಪೀಡೋಮೀಟರ್ ಮುಂದಿನ ಚಕ್ರದಿಂದ ವೇಗ ತೆಗೆದುಕೊಳ್ಳುತ್ತದೆ, ಹಿಂದಿನ ಟೈರ್ ಬದಲಾದರೂ ಅದರ ಲೆಕ್ಕ ಬದಲಾಗುವುದಿಲ್ಲ. ಹಾಗಾಗಿ ಟಾಪ್ ಗೇರಿನಲ್ಲಿ 80ರ ವೇಗಕ್ಕೆ ಮೊದಲು 5,600 ತೋರಿಸುತ್ತಿದ್ದ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಈಗ 5,500 ತೋರಿಸುತ್ತದೆ. ಲೆಕ್ಕ ಕೂಡಿ ಬಂತು.

ತೂಕವನ್ನೂ ನೋಡಿದೆ. ಹೊಸ ಟೈರ್ 700 ಗ್ರಾಂ ಜಾಸ್ತಿ. ಈ ತೂಕ ಇರುವುದು ಚಕ್ರದ ತೀರಾ ಹೊರ ಅಂಚಿನಲ್ಲಿ. ಎಂಜಿನ್ ಅದನ್ನು ಬೈಕಿನ ಜೊತೆ ಮುಂದಕ್ಕೂ ಒಯ್ಯಬೇಕು, ತಿರುಗಿಸಲೂ ಬೇಕು. ಹಾಗಾಗಿ ವೇಗ ಹೆಚ್ಚಿಸುವಾಗ ಅದು ಹೆಚ್ಚುಕಮ್ಮಿ ಎರಡು ಪಟ್ಟು, 1.4 ಕೆಜಿ ಲೆಕ್ಕಕ್ಕೆ ಬರುತ್ತದೆ. ನಾನೂ ಬೈಕೂ ಸೇರಿ 220 ಕೆಜಿ. ಎರಡೂ ಕಾರಣ ಕೂಡಿಸಿದರೂ ನಷ್ಟ ಶೇ 2ರ ಆಸುಪಾಸು. ಪಿಕಪ್ ಅದಕ್ಕಿಂತ ತುಂಬಾ ಬಿದ್ದಿದೆ ಅನ್ನಿಸಿದರೆ ಟೈರನ್ನು ದೂರಬೇಡಿ, ಚೈನು ಬ್ರೇಕು ನೋಡಿ. ಬೇರೆ ಸೈಜ್ ಹಾಕಿದ್ದರೆ ಮಾತು ಬೇರೆ.

ಸಿಕ್ಕ ಲಾಭ ಈ ಶೇ 2ಕ್ಕಿಂತ ಎಷ್ಟೋ ದೊಡ್ಡದು. ಹಳೇ ಟೈರಿನ ಪಕ್ಕದಲ್ಲಿ 1419 ಅಂತ ಇತ್ತು, ಅಂದರೆ 2019ರ 14ನೇ ವಾರದಲ್ಲಿ ತಯಾರಾದದ್ದು. ಉಗುರು ಒತ್ತಿದರೆ ಗುರುತೇ ಬೀಳುತ್ತಿರಲಿಲ್ಲ, ಅಷ್ಟು ಗಟ್ಟಿ. ಒದ್ದೆ ರಸ್ತೆಯಲ್ಲಿ ಮೊದಲ ಗೇರಿನಲ್ಲಿ ಆಕ್ಸಿಲರೇಟರ್ ಸ್ವಲ್ಪ ಜಾಸ್ತಿ ತಿರುಗಿಸಿದರೆ ಹಿಂದಿನ ಚಕ್ರ ಸುಮ್ಮನೆ ಸುತ್ತುತ್ತಿತ್ತು. ಈಗ ಅಷ್ಟೇ ತಿರುಗಿಸಿದರೆ ಬೈಕ್ ಮುಂದಕ್ಕೆ ಹೋಗುತ್ತದೆ. ಆಳವಾದ ಕಚ್ಚುಗಳು ನೀರನ್ನು ಪಕ್ಕಕ್ಕೆ ತಳ್ಳುತ್ತವೆ, ಮೆತ್ತನೆ ರಬ್ಬರ್ ರಸ್ತೆಯನ್ನು ಹಿಡಿಯುತ್ತದೆ.

ಈ ಹಿಡಿತ ಮೊದಲ ದಿನವೇ ಸಿಗುವುದಿಲ್ಲ. ಅಚ್ಚಿನಿಂದ ಬಂದ ರಬ್ಬರಿನ ಮೇಲ್ಮೈ ನುಣುಪಾಗಿ ಹೊಳೆಯುತ್ತಿರುತ್ತದೆ. ಟೈರ್ ಕೂರಿಸಲು ಹಚ್ಚಿದ ಸೋಪಿನ ನೀರೂ ರಿಮ್ಮಿನಲ್ಲಿ ಸ್ವಲ್ಪ ಹೊತ್ತು ಇರುತ್ತದೆ. ಮೊದಲ 150 ಕಿಮೀ ಜೋರಾಗಿ ಬ್ರೇಕ್ ಹಿಡಿಯಲಿಲ್ಲ, ಜೋರಾಗಿ ಎಳೆಯಲೂ ಇಲ್ಲ. ಪ್ರತಿ ಸವಾರಿಯಲ್ಲಿ ಸ್ವಲ್ಪ ಸ್ವಲ್ಪ ಹೆಚ್ಚು ವಾಲಿಸುತ್ತಾ ಹೋದೆ. ಹೊಳಪು ಹೋಗಿ ರಬ್ಬರ್ ಮಂಕಾದ ಪಟ್ಟಿ ನಡುವಿನಿಂದ ಅಂಚಿನ ಕಡೆಗೆ ದಿನದಿನಕ್ಕೆ ಅಗಲವಾಗುವುದು ಕಣ್ಣಿಗೇ ಕಾಣುತ್ತಿತ್ತು. ಆ ಪಟ್ಟಿ ಎಲ್ಲಿವರೆಗೆ ಇದೆಯೋ ಅಲ್ಲಿವರೆಗಿನ ರಬ್ಬರ್ ಮಾತ್ರ ತಯಾರಾಗಿದೆ ಅಂತ ಲೆಕ್ಕ.

ಒಂದು ತಪ್ಪು ಮಾಡಿದೆ. ಮುಂದಿನ ಟೈರ್ ಇನ್ನೂ ಬಾಳಿಕೆ ಬರುತ್ತದೆ ಅಂತ ಹಾಗೇ ಬಿಟ್ಟಿದ್ದೆ. ಹಿಂದಿನದು ಸರಾಗವಾಗಿ ವಾಲುತ್ತಿತ್ತು, ಮುಂದಿನದು ಹಿಂದೇಟು ಹಾಕುತ್ತಿತ್ತು. ತಿರುವಿನ ಮಧ್ಯದಲ್ಲಿ ಎರಡು ಬೈಕ್ ಓಡಿಸಿದ ಹಾಗೆ ಅನ್ನಿಸುತ್ತಿತ್ತು. ಮೂರು ವಾರ ತಡೆದು ಅದನ್ನೂ ಬದಲಿಸಿದೆ. ಆಮೇಲೆ ಅದೇ ಎಡ ತಿರುವಿನಲ್ಲಿ ಬೈಕ್ ಮೊದಲಿನಿಂದ ಕೊನೆಯವರೆಗೆ ಒಂದೇ ಗೆರೆಯಲ್ಲಿ ಹೋಯಿತು.

ಈಗ ಹಿಂದಿನ ಟೈರಿಗೆ 4,000 ಕಿಮೀ ಆಗಿದೆ. ಮೊನ್ನೆ ಮತ್ತೆ ಸ್ಕೇಲ್ ಇಟ್ಟೆ. ಚಪ್ಪಟೆ ಜಾಗ 18 ಮಿಮೀ.